ಕುಡಿತ ಬಿಡುವವರ ಮಾತು, ಕೇಳುವವರ ಕೆಲಸ

"ಕುಡಿದಿದ್ದೀಯಾ?" ಎಂಬ ಪ್ರಶ್ನೆಗೆ ಪೀಣ್ಯದ ಕಾರ್ಖಾನೆ ಗೇಟಿನಲ್ಲಿ ಉತ್ತರ ಒಂದೇ: "ಇಲ್ಲ ಸಾರ್." ಕೇಳುವವನು ಸೆಕ್ಯುರಿಟಿಯವನಿರಲಿ, ಸೂಪರ್‌ವೈಸರ್ ಇರಲಿ, ಫಸ್ಟ್ ಶಿಫ್ಟಿಗೆ ಬಂದವನ ಬಾಯಿಂದ ಹಿಂದಿನ ರಾತ್ರಿಯ ವಾಸನೆ ಬರುತ್ತಿರಲಿ, ಉತ್ತರ ಬದಲಾಗುವುದಿಲ್ಲ. ಹೌದೆಂದರೆ ಆ ದಿನದ ಕೂಲಿ ಹೋಯಿತು. ಇನ್ನೆರಡು ಸಲ ಹೌದೆಂದರೆ ಕೆಲಸವೇ ಹೋಯಿತು. ಸಂಜೆ ಲಗ್ಗೆರೆಯ ಬಾಡಿಗೆ ಮನೆಯ ಬಾಗಿಲಲ್ಲೂ ಅದೇ ಪ್ರಶ್ನೆ. "ಇಲ್ಲ ಕಣೇ, ಬಸ್ಸು ಲೇಟು." ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಯಾರೂ ಇಷ್ಟು ಒರಟಾಗಿ ಕೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತವನನ್ನು ಮ್ಯಾನೇಜರ್ "ಎಲ್ಲಾ ಸರಿ ಇದೆಯಾ?" ಎಂದು ವಿಚಾರಿಸುತ್ತಾರೆ. "ಸ್ವಲ್ಪ ವೈರಲ್ ಫೀವರ್" ಎಂಬ ಉತ್ತರ ಬರುತ್ತದೆ. ಪ್ರಶ್ನೆಯ ನಯ ಬೇರೆ, ಉತ್ತರದ ಜಾತಿ ಒಂದೇ.

ಕುಡುಕನ ಮಾತು ಬೆಳಗಾದರೆ ಹೋಯಿತು ಎಂದು ಊರಿಗೆ ಊರೇ ನಂಬಿದೆ. ಸುಳ್ಳು ಹೇಳುವುದು ಕುಡಿಯುವವರ ಗುಣ, ಕುಡಿತ ಬಿಟ್ಟರೆ ಸುಳ್ಳೂ ಬಿಟ್ಟುಹೋಗುತ್ತದೆ ಎಂಬುದು ಆ ನಂಬಿಕೆ. ಚಿಕಿತ್ಸೆಯ ಕೋಣೆಗಳಲ್ಲಿ ಕಂಡದ್ದು ಬಹುಮಟ್ಟಿಗೆ ಇದರ ತಿರುವುಮುರುವು. ನಿಜ ಹೇಳಿದರೆ ಏನೇನು ಕಳೆದುಕೊಳ್ಳಬೇಕಾದೀತು ಎಂಬ ಲೆಕ್ಕದ ಮೇಲೆ ಸುಳ್ಳು ನಿಂತಿರುತ್ತದೆ. ಆ ಬೆಲೆ ಇಳಿದ ಕಡೆ ನಿಜ ಬಾಯಿಗೆ ಬರುತ್ತದೆ, ಬಿಡುವ ದಾರಿಯೂ ಅಲ್ಲಿಂದಲೇ ತೆರೆಯುತ್ತದೆ. ಬೆಲೆ ಇಳಿಸುವ ಶಕ್ತಿ ಇರುವುದು ಮಾತ್ರ ಕೇಳಿಸಿಕೊಳ್ಳುವವರ ಕೈಯಲ್ಲಿ: ಹೆಂಡತಿ, ಸೂಪರ್‌ವೈಸರ್, ವೈದ್ಯ, ಎಚ್‌ಆರ್, ಜೊತೆಯ ಕೆಲಸಗಾರ. ಈ ಬರಹ ಅವರನ್ನು ಕುರಿತದ್ದು.

ಬೆಂಗಳೂರಿನ ಹೊರವಲಯದ ಮೂರು ಪಟ್ಟಿಗಳನ್ನು ಇಲ್ಲಿ ಆರಿಸಿಕೊಳ್ಳಲು ಕಾರಣವಿದೆ. ಪೀಣ್ಯದ ಕೈಗಾರಿಕಾ ಪ್ರದೇಶ ಮೈದುಂಬಿಕೊಂಡದ್ದು 1970ರ ದಶಕದ ಕೊನೆಯಲ್ಲಿ. ಅದೇ ಹೊತ್ತಿಗೆ ಆರ್. ಕೆ. ಬಾಳಿಗಾ ಅವರ ಯೋಜನೆಯಂತೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದಲ್ಲಿ ಐಟಿಪಿಎಲ್ ತಂತ್ರಜ್ಞಾನ ಪಾರ್ಕ್ ಬಂದ ಮೇಲೆ ಗುರುತೇ ಸಿಗದಂತಾಯಿತು. ಮೂರೂ ಕಡೆ ದುಡಿಯುವವರಲ್ಲಿ ಬಹಳ ಜನ ಬೇರೆ ಊರಿನವರು. ಪವರ್ ಪ್ರೆಸ್ ಮುಂದೆ ನಿಂತ ಬಾಗಲಕೋಟೆಯ ಹುಡುಗನ ಅಣ್ಣ ಬಾಗಲಕೋಟೆಯಲ್ಲೇ ಇದ್ದಾನೆ. ರಾತ್ರಿ ಅಮೆರಿಕದ ಗಿರಾಕಿಯ ಕರೆಗೆ ಕಾದು ಕೂತ ಇಂಜಿನಿಯರನ ತಾಯಿ ಶಿವಮೊಗ್ಗದಲ್ಲೋ ಭುವನೇಶ್ವರದಲ್ಲೋ. ಮುಖ ನೋಡಿಯೇ "ಏನಾಯ್ತೋ?" ಎನ್ನಬಲ್ಲವರು ದೂರದಲ್ಲಿದ್ದಾರೆ, ವೈನ್ ಸ್ಟೋರ್ ಮಾತ್ರ ಹತ್ತಿರದಲ್ಲಿದೆ. ಇನ್ನೊಂದು ವಿಚಿತ್ರ: ನಗರದೊಳಗಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ದೇಶದ ಹೆಸರಾಂತ ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲೊಂದರ ಗೇಟಿನ ಮುಂದೆಯೇ ದಿನವೂ ಹಾದುಹೋಗುವವರು ಎಷ್ಟೋ ಮಂದಿ. ಒಳಗೆ ಹೋಗುವವರು ತೀರ ಕಡಿಮೆ.

ಎಷ್ಟು ಕಡಿಮೆ ಎಂಬುದಕ್ಕೆ ಲೆಕ್ಕ ಇದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆ ಇರುವವರಲ್ಲಿ ಶೇ. 86ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಬಗೆಯ ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಗಳ ಕೊರತೆ ಇದಕ್ಕೆ ಒಂದು ಕಾರಣ, ನಿಜ. ಆದರೆ ಆಸ್ಪತ್ರೆ ಮನೆ ಪಕ್ಕದಲ್ಲೇ ಇದ್ದರೂ ಮೊದಲು "ನನಗೆ ಇದು ಕೈಮೀರಿದೆ" ಎಂದು ಯಾರಿಗಾದರೂ ಹೇಳಬೇಕಲ್ಲ?

ಹೇಳದಿರಲು ಕಾನೂನೇ ಕಾರಣ ಒದಗಿಸಿದೆ. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ: ಕುಡಿದ ಅಮಲಿನಿಂದಲೇ ಅಪಘಾತವಾಯಿತು ಎಂದಾದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಹೊರತು, ಮಾಲೀಕ ಪರಿಹಾರ ಕೊಡಬೇಕಾಗಿಲ್ಲ. ಪವರ್ ಪ್ರೆಸ್ಸಿನಲ್ಲಿ ಎರಡು ಬೆರಳು ಹೋದವನ ಲೆಕ್ಕಾಚಾರ ಇಲ್ಲಿಂದ ಅರ್ಥವಾಗುತ್ತದೆ. ರಾತ್ರಿ ಕುಡಿದಿದ್ದನ್ನು ಒಪ್ಪಿಕೊಂಡರೆ ಬೆರಳಿನ ಜೊತೆ ಹಣವೂ ಹೋದೀತು. ಹೀಗಿರುವಾಗ ಅವನು ಸುಳ್ಳುಗಾರ ಎಂದು ತೀರ್ಪು ಕೊಡುವುದು ಸುಲಭ, ನ್ಯಾಯವಲ್ಲ.

ಮನೆಯ ಕಾನೂನು ಇನ್ನೂ ಕಠಿಣ. ಅಲ್ಲಿ ಆಣೆ ಇದೆ. ಮಗುವಿನ ತಲೆಯ ಮೇಲೆ ಕೈ ಇಡಿಸಿ "ಇನ್ನು ಮುಟ್ಟಲ್ಲ ಅಂತ ಹೇಳು" ಎನ್ನುವುದು ಲಗ್ಗೆರೆಯಲ್ಲೂ ನಡೆಯುತ್ತದೆ, ವರ್ತೂರಿನ ಅಪಾರ್ಟ್‌ಮೆಂಟಿನಲ್ಲೂ ನಡೆಯುತ್ತದೆ. ಆ ಗಳಿಗೆಯಲ್ಲಿ ಕೈ ಇಟ್ಟವನು ಮನಸ್ಸಿನಿಂದಲೇ ಇಟ್ಟಿರುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಹತ್ತನೆಯ ದಿನ ಒಂದು ನೈಂಟಿ ಹಾಕಿಬಿಟ್ಟನೆನ್ನಿ. ಈಗ ಅವನು ಕುಡಿದಿದ್ದನ್ನು ಹೇಳಿದರೆ ಮಗುವಿನ ಜೀವವನ್ನೇ ಪಣಕ್ಕಿಟ್ಟು ಮಾತು ಮುರಿದೆ ಎಂದು ಒಪ್ಪಿದಂತೆ. ಯಾವ ತಂದೆ ಒಪ್ಪುತ್ತಾನೆ? ಆಣೆ ಕುಡಿತವನ್ನು ಹತ್ತು ದಿನ ತಡೆಯಿತು, ಮಾತನ್ನು ಶಾಶ್ವತವಾಗಿ ನಿಲ್ಲಿಸಿತು. ಅಯ್ಯಪ್ಪನ ಮಾಲೆಯ ಕಥೆ ಸ್ವಲ್ಪ ಬೇರೆ. ಕಪ್ಪು ಪಂಚೆ ಉಟ್ಟ 41 ದಿನ ಒಂದು ತೊಟ್ಟೂ ಮುಟ್ಟದೆ ಇರುವವರು ಪ್ರತಿ ಡಿಸೆಂಬರಿನಲ್ಲಿ ಪ್ರತಿ ಶೆಡ್ಡಿನಲ್ಲೂ ಸಿಗುತ್ತಾರೆ. ಅವರಿಗೆ ಬಿಡುವ ಶಕ್ತಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಆ ದಿನಗಳಲ್ಲಿ ಸುತ್ತಲಿನವರು "ಸ್ವಾಮಿ" ಎಂದು ಕರೆದು ಮರ್ಯಾದೆ ಕೊಡುತ್ತಾರೆ, ಜೊತೆಗೆ ಭಜನೆಗೆ ಕೂರುತ್ತಾರೆ. ಮಾಲೆ ತೆಗೆದ ಸಂಜೆ ಆ ಮರ್ಯಾದೆಯೂ ಆ ಜೊತೆಯೂ ಒಟ್ಟಿಗೇ ಹೋಗುತ್ತವೆ. ಉಳಿಯುವುದು ಹಳೆಯ ಸ್ನೇಹಿತರು ಮತ್ತು ಸ್ಟ್ಯಾಂಡಿಂಗ್ ಬಾರು.

ಸುಳ್ಳಿನ ಬೆಲೆ ಎಲ್ಲಕ್ಕಿಂತ ಬೇಗ ಕಾಣುವುದು ಆಸ್ಪತ್ರೆಯಲ್ಲಿ. ದಿನವೂ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾದ ಮೇಲೆ ಕೆಲವರಿಗೆ ಸನ್ನಿಯ ಸ್ಥಿತಿ: ಹೊತ್ತು ಗೊತ್ತಿಲ್ಲದ ಗೊಂದಲ, ಗೋಡೆಯ ಮೇಲೆ ಹುಳು ಹರಿದಂತೆ ಕಾಣುವುದು, ಇಲ್ಲದವರ ದನಿ ಕೇಳುವುದು. ಚಿಕಿತ್ಸೆ ಸಿಗದಿದ್ದರೆ ಅದು ಜೀವಕ್ಕೇ ಕುತ್ತು. ಕಾಲು ಮುರಿದು ದಾಖಲಾದವನು ಮೂರನೆಯ ರಾತ್ರಿ ಡ್ರಿಪ್ ಕಿತ್ತೆಸೆದು ಎದ್ದು ಓಡಲು ನೋಡಿದರೆ ವಾರ್ಡಿನವರು "ಗಾಳಿ ಸೋಕಿದೆ" ಎನ್ನುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿತ್ತು: ಕೊನೆಯ ಸಲ ಕುಡಿದದ್ದು ಯಾವಾಗ, ಎಷ್ಟು? ದಾಖಲಾಗುವಾಗ ಅದನ್ನು ಕೇಳಿದವರೂ ಇರುತ್ತಾರೆ. ಆದರೆ ಹೇಗೆ ಕೇಳಿದರು? ಹೆಂಡತಿ, ಮಾವ, ಕಂಪನಿಯ ಪಿ.ಎಫ್. ಗುಮಾಸ್ತ ಮೂವರೂ ಸುತ್ತ ನಿಂತಿರುವಾಗ "ಕುಡಿತೀಯೇನಯ್ಯಾ?" ಎಂದರೆ "ಅಪರೂಪಕ್ಕೆ ಸಾರ್, ಹಬ್ಬಕ್ಕೆ" ಎಂಬುದನ್ನು ಬಿಟ್ಟು ಬೇರೇನೂ ಬರುವುದಿಲ್ಲ. ಪರದೆ ಎಳೆದು, ಉಳಿದವರನ್ನು ಆಚೆ ಕಳಿಸಿ, "ದಿನಕ್ಕೆ ಕ್ವಾರ್ಟರ್ ಆಗುತ್ತಾ, ಎರಡು ಆಗುತ್ತಾ? ಬೆಳಿಗ್ಗೆ ಕೈ ನಡುಗುತ್ತಾ? ಔಷಧಿ ಸರಿಯಾಗಿ ಕೊಡೋಕೆ ಕೇಳ್ತಿದೀನಿ" ಎಂದು ವೈದ್ಯರು ಕೇಳಿದಾಗ ಅದೇ ಮನುಷ್ಯ "ಬೆಳಿಗ್ಗೆ ಒಂದು ನೈಂಟಿ ಹಾಕ್ಕೊಂಡ್ರೇನೇ ಕೈ ನಿಲ್ಲೋದು ಸಾರ್" ಎನ್ನುತ್ತಾನೆ. ಈ ಒಂದು ವಾಕ್ಯ ಸಿಕ್ಕರೆ ನಡುಕಕ್ಕೆ ಮಾತ್ರೆ, ಬಿ1 ಜೀವಸತ್ವದ ಇಂಜೆಕ್ಷನ್ ಸಕಾಲಕ್ಕೆ ಬೀಳುತ್ತವೆ.

ಇದೇ ಹೊರವಲಯದ ಇನ್ನೊಂದು ನೆನಪು 2008ರ ಮೇ ತಿಂಗಳದು. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಯಾದದ್ದು 2007ರ ಜುಲೈ 1ರಂದು. ವರ್ಷ ತುಂಬುವ ಮೊದಲೇ ಆನೇಕಲ್, ಕೋಲಾರ, ಗಡಿಯಾಚೆಯ ಹೊಸೂರು, ಕೃಷ್ಣಗಿರಿ ಕಡೆಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಕಳ್ಳಭಟ್ಟಿಯಲ್ಲಿ ಸೇರಿರುವ ಮಿಥೈಲ್ ಆಲ್ಕೋಹಾಲ್ ವಿಷ ತಕ್ಷಣ ತೋರುವುದಿಲ್ಲ, ಎಷ್ಟೋ ಗಂಟೆ ಕಳೆದ ಮೇಲೆ ಕಣ್ಣು ಮಂಜಾಗುತ್ತದೆ. ಆ ಹೊತ್ತಿನಲ್ಲಿ ಏನು ಕುಡಿದೆ, ಎಲ್ಲಿ ಕುಡಿದೆ ಎಂದು ಬಾಯಿಬಿಟ್ಟು ಹೇಳುವುದರ ಮೇಲೆ ದೃಷ್ಟಿಯೂ ಪ್ರಾಣವೂ ನಿಂತಿರುತ್ತವೆ. ಕುಡಿದದ್ದೇ ನಾಚಿಕೆ, ಕದ್ದು ಮಾರಿದ್ದನ್ನು ಕುಡಿದದ್ದು ಅಪರಾಧ ಎಂಬ ಭಯ ಇರುವ ಕಡೆ ಆ ಮಾತು ಹೊರಡುವುದು ತಡವಾಗುತ್ತದೆ.

ಇನ್ನು ಮನೆಯವರು ಹೇಳುವ ಸುಳ್ಳು. ಬಸ್ಸಿನ ಹಿಂಬದಿಯಲ್ಲಿ, ಮೇಲ್ಸೇತುವೆಯ ಕಂಬದಲ್ಲಿ, ಸಾರ್ವಜನಿಕ ಶೌಚಾಲಯದ ಗೋಡೆಯಲ್ಲಿ ಚೀಟಿ ಅಂಟಿರುತ್ತದೆ: ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು. ಸಾರಿಗೋ ಕಾಫಿಗೋ ಬೆರೆಸುವ ಪುಡಿ. ಇಂಥ ಪುಡಿಯಲ್ಲಿ ಏನಿದೆ ಎಂದು ಕೊಳ್ಳುವವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಮನೆಯವರು ಗುಟ್ಟಾಗಿ ಬೆರೆಸುವ ಸಂಗತಿಯಂತೂ ವೈದ್ಯರಿಗೆ ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಬಳಕೆಗೆ ತಂದ ಈ ಔಷಧಿ ದೇಹದಲ್ಲಿರುವಾಗ ಮದ್ಯ ಬಿದ್ದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಗೊತ್ತಿದ್ದು ನುಂಗುವವನಿಗೆ ಅದು ಒಳ್ಳೆಯ ಕಾವಲು. ಗೊತ್ತಿಲ್ಲದವನಿಗೆ ಕೊಟ್ಟರೆ ವಿಷಪ್ರಾಶನಕ್ಕೂ ಅದಕ್ಕೂ ಅಂತರ ಕಡಿಮೆ. ಹತಾಶೆಯಿಂದ ಹೀಗೆ ಮಾಡುವ ಹೆಂಡತಿಯನ್ನು ದೂರುವುದು ಈ ಮಾತಿನ ಉದ್ದೇಶವಲ್ಲ. ಆದರೆ ಗುಟ್ಟು ಬಯಲಾದ ದಿನದಿಂದ ಅವನು ಮನೆಯ ಊಟವನ್ನೂ ನಂಬುವುದಿಲ್ಲ. ನಂಬಿಕೆ ಎರಡೂ ಕಡೆ ಬೇಕು ಎಂಬುದನ್ನು ನಮ್ಮ ಸಮಾಜ ಅಷ್ಟಾಗಿ ಗಮನಿಸಿಲ್ಲ.

ಹಾಗಾದರೆ ಗದರಿಸಿದರೆ, ನಾಚಿಕೆಪಡಿಸಿದರೆ ಬಿಡುತ್ತಾರೆಯೇ? ಚಿಕಿತ್ಸಕರೂ ಬಹಳ ಕಾಲ ಹಾಗೆಯೇ ನಂಬಿದ್ದರು. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1980ರ ದಶಕದ ಆರಂಭದಲ್ಲಿ ನಾರ್ವೆಗೆ ಹೋಗಿದ್ದಾಗ ಅಲ್ಲಿನ ಯುವ ಮನೋವಿಜ್ಞಾನಿಗಳು ಅವರ ಸಂದರ್ಶನದ ರೀತಿಯನ್ನು ನೋಡಿ, ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ, ಇಲ್ಲೇಕೆ ಸುಮ್ಮನಿದ್ದಿರಿ ಎಂದು ಕೆದಕಿ ಕೆದಕಿ ಕೇಳಿದರು. ಆ ಉತ್ತರಗಳೇ ಸೇರಿ 1983ರಲ್ಲಿ ಒಂದು ಲೇಖನವಾಯಿತು. ಇಂದು ಜಗತ್ತಿನಾದ್ಯಂತ ವ್ಯಸನ ಚಿಕಿತ್ಸೆಯಲ್ಲಿ ಕಲಿಸುವ ಪ್ರೇರಣಾತ್ಮಕ ಸಂದರ್ಶನದ ಪದ್ಧತಿ ಅಲ್ಲಿಂದ ಬೆಳೆಯಿತು. 1993ರಲ್ಲಿ ಮಿಲ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಸಣ್ಣ ಅಧ್ಯಯನವೊಂದರ ಫಲಿತಾಂಶ ಸೂಪರ್‌ವೈಸರ್‌ಗಳಿಗೆಲ್ಲ ಓದಿಸುವಂಥದ್ದು. ಚಿಕಿತ್ಸಕ ಎಷ್ಟು ಹೆಚ್ಚು ಎದುರುಬಿದ್ದು ವಾದಿಸಿದನೋ, ವರ್ಷದ ಬಳಿಕ ಎದುರಿಗೆ ಕೂತಿದ್ದವನ ಕುಡಿತ ಅಷ್ಟು ಹೆಚ್ಚಿತ್ತು.

ಕಾರ್ಖಾನೆಯ ಸಣ್ಣ ಆರೋಗ್ಯ ಕೊಠಡಿಯಲ್ಲಿ ಇದು ಹೇಗಿದ್ದೀತು? ಒಂದು ಬಗೆ ಎಲ್ಲರಿಗೂ ಗೊತ್ತು. "ಹೀಗೇ ಕುಡಿದ್ರೆ ಲಿವರ್ ಹೋಗುತ್ತೆ, ಹೆಂಡ್ತಿ ಮಕ್ಳು ಬೀದಿಗೆ ಬರ್ತಾರೆ, ಗೊತ್ತಾ?" "ಗೊತ್ತು ಸಾರ್." "ಗೊತ್ತಿದ್ದೂ ಯಾಕೆ ಕುಡಿತೀಯ?" ಮೌನ. ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಬಗೆಯಲ್ಲಿ ಮೊದಲ ಪ್ರಶ್ನೆ, "ಕುಡಿದ್ರೆ ನಿಮಗೆ ಏನು ಅನುಕೂಲ ಆಗುತ್ತೆ ಹೇಳಿ." ಕೂತವನು ತಬ್ಬಿಬ್ಬಾಗುತ್ತಾನೆ, ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿಲ್ಲ. "ನೈಟ್ ಶಿಫ್ಟ್ ಮುಗಿಸಿ ಹೋದ್ರೆ ಹಗಲು ನಿದ್ದೆ ಬರಲ್ಲ ಸಾರ್. ಶೀಟ್ ಮನೆ, ಬಿಸಿಲು. ಒಂದು ಹಾಕಿದ್ರೆ ಮಲಗ್ತೀನಿ." "ಅಂದ್ರೆ ನಿದ್ದೆಗೋಸ್ಕರ." "ಮೊದ್ಲು ನಿದ್ದೆಗೆ ಅಂತ ಶುರುವಾಯ್ತು. ಈಗ ಎದ್ದ ಮೇಲೂ ಬೇಕು. ಮೊನ್ನೆ ಮಗಳು ಹತ್ರ ಬರಲಿಲ್ಲ, ವಾಸನೆ ಅಂದ್ಲು." ಕೊನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ, ಅವನಾಗಿಯೇ ಹೇಳಿದ. ಈ ಪದ್ಧತಿಯ ಕಸುಬು ಇರುವುದು ಅಲ್ಲಿ: ಬದಲಾಗಬೇಕು ಎಂಬ ಮಾತು ಕೇಳುವವರ ಬಾಯಿಂದ ಬರುವ ಬದಲು ಹೇಳುವವರ ಬಾಯಿಂದ ಬರಬೇಕು, ಬಂದಾಗ ಅದರ ಮೇಲೆ ಉಪದೇಶ ಸುರಿಯದೆ ಇನ್ನೂ ಒಂದು ಮಾತಿಗೆ ಜಾಗ ಬಿಡಬೇಕು. ಉಪದೇಶ ನಮ್ಮವರ ಹುಟ್ಟು ಚಪಲವಾದ್ದರಿಂದ ಇದನ್ನು ಕಲಿಯಲು ತರಬೇತಿಯೇ ಬೇಕಾಗುತ್ತದೆ.

ಕೇಳುವವರೂ ಕುಡಿತ ಬಿಟ್ಟವರೇ ಆಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಉದಾಹರಣೆ ಇದೆ. 1935ರ ಮೇ ತಿಂಗಳಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಅಮೆರಿಕದ ಆಕ್ರನ್ ಪಟ್ಟಣದಲ್ಲಿದ್ದ. ರಬ್ಬರ್ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರ ಹಿಡಿತಕ್ಕಾಗಿ ನಡೆದ ಜಗ್ಗಾಟದಲ್ಲಿ ಸೋತು, ಹೋಟೆಲಿನ ಹಜಾರದಲ್ಲಿ ಒಬ್ಬನೇ ನಿಂತಿದ್ದ. ಪಕ್ಕದಲ್ಲೇ ಬಾರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಅವನು ಬಾರಿಗೆ ಹೋಗುವ ಬದಲು ಚರ್ಚುಗಳ ಪಟ್ಟಿ ನೋಡಿ ಫೋನು ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಕೇಳಿದ. ಹೀಗೆ ಸಿಕ್ಕವರು ಡಾ. ಬಾಬ್ ಸ್ಮಿತ್. ಹೆಂಡತಿಯ ಒತ್ತಾಯಕ್ಕೆ ಬಂದಿದ್ದ ಡಾಕ್ಟರು ಹದಿನೈದು ನಿಮಿಷ ಮಾತ್ರ ಎಂದು ಷರತ್ತು ಹಾಕಿದ್ದರು, ಮಾತು ಗಂಟೆಗಟ್ಟಲೆ ನಡೆಯಿತು. ವಿಲ್ಸನ್ ಬುದ್ಧಿವಾದ ಹೇಳಲಿಲ್ಲ, ತನ್ನ ಕಥೆ ಹೇಳಿದ. ಕೆಲವು ವಾರಗಳ ಮೇಲೆ ವೈದ್ಯರ ಸಮಾವೇಶಕ್ಕೆ ಹೋದ ಡಾ. ಬಾಬ್ ಮತ್ತೆ ಕುಡಿದು ಬಂದರು. ಯಾರೂ ಅವರನ್ನು ಹೊರಗೆ ಹಾಕಲಿಲ್ಲ. ಅವರು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘಟನೆಯ ಹುಟ್ಟಿದ ದಿನವೆಂದು ಆಚರಿಸಲಾಗುತ್ತದೆ. ಸ್ಥಾಪಕನೇ ಜಾರಿ ಬಿದ್ದು ಎದ್ದ ದಿನವನ್ನು ಹುಟ್ಟುಹಬ್ಬ ಮಾಡಿಕೊಂಡ ಸಂಸ್ಥೆ ಇನ್ನೊಂದು ಸಿಗುವುದು ಕಷ್ಟ.

1950ರ ದಶಕದಲ್ಲಿ ಭಾರತಕ್ಕೆ ಬಂದ ಈ ಬಳಗದ ಸಭೆಗಳು ಇಂದು ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳುಗಳಲ್ಲಿ ನಡೆಯುತ್ತವೆ. ಹೆಚ್ಚಾಗಿ ಚರ್ಚಿನ ಅಥವಾ ಶಾಲೆಯ ಒಂದು ಕೋಣೆಯಲ್ಲಿ. ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲ, ಮನೆತನದ ಹೆಸರು ಕೇಳುವುದಿಲ್ಲ. ಒಬ್ಬರು ತಮ್ಮ ಕಥೆ ಹೇಳಿಕೊಳ್ಳುವಾಗ ಮತ್ತೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ. ಮೊದಲ ಸಲ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಹೆಂಡತಿಯ ಓಲೆ ಅಡವಿಟ್ಟು ಕುಡಿದೆ ಎಂದು ಒಬ್ಬ ಹೇಳುತ್ತಾನೆ. ಯಾರೂ "ಛೆ" ಅನ್ನುವುದಿಲ್ಲ. ತಲೆ ಆಡಿಸುತ್ತಾರೆ, ಏಕೆಂದರೆ ಕೇಳುತ್ತಿರುವವರಲ್ಲಿ ಕೆಲವರು ತಾಳಿಯನ್ನೇ ಇಟ್ಟವರು. ನಿಜದ ಬೆಲೆ ಸೊನ್ನೆಗೆ ಇಳಿದ ಕೋಣೆ ಅದು. ಈ ಬಳಗದ ಪದ್ಧತಿಯಲ್ಲಿ ಬರುವ ದೇವರ ಮಾತು ಎಲ್ಲರಿಗೂ ಒಗ್ಗುವುದಿಲ್ಲ ಎಂಬ ತಕರಾರು ಇದೆ. ಅದರಲ್ಲಿ ಹುರುಳೂ ಇದೆ. ಕೇಳುವ ಶಿಸ್ತನ್ನಾದರೂ ಅವರಿಂದ ಕಲಿಯಲು ಅಡ್ಡಿಯಿಲ್ಲ.

ಕರ್ನಾಟಕದ್ದೇ ಪರಂಪರೆಗಳೂ ಇವೆ. ಇಳಕಲ್ಲಿನ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರಿಗೆ ಹೋಗಿ, ಕಾಳು ಕಾಸಿನ ಬದಲು ಜನರ ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆಣೆಗೂ ಜೋಳಿಗೆಗೂ ಒಂದು ವ್ಯತ್ಯಾಸ ಕಾಣುತ್ತದೆ. ಆಣೆ ಹೆದರಿಸುತ್ತದೆ, ಜೋಳಿಗೆ ಹಿಡಿದವರು ನಿಮ್ಮ ಮುಂದೆ ತಾವೇ ಬೇಡುವವರಾಗಿ ನಿಂತಿರುತ್ತಾರೆ. ಆದರೆ ಹಾಕಿದ ಚಟ ತಿಂಗಳಿಗೆ ಮರಳಿ ಬಂದರೆ ಯಾರ ಬಳಿ ಹೇಳುವುದು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. 1990ರ ದಶಕದಿಂದ ರಾಜ್ಯದ ತಾಲ್ಲೂಕುಗಳಲ್ಲಿ ಶಾಲೆ, ಕಲ್ಯಾಣಮಂಟಪಗಳಲ್ಲಿ ವಾರದ ಮಟ್ಟಿಗೆ ನಡೆಯುವ ಈ ಶಿಬಿರಗಳಲ್ಲಿ ವೈದ್ಯರು, ಭಜನೆ, ವ್ಯಾಯಾಮ, ಮನೆಯವರೊಡನೆ ಮಾತು ಎಲ್ಲವೂ ಇರುತ್ತವೆ. ಶಿಬಿರಕ್ಕಿಂತ ಜಾಣತನದ ಭಾಗವೆಂದರೆ ಆಮೇಲಿನ ನವಜೀವನ ಸಮಿತಿ. ಬಿಟ್ಟವರು ಮತ್ತೆ ಮತ್ತೆ ಸೇರುತ್ತಾರೆ, ನೂರು ದಿನ ದಾಟಿದವರಿಗೆ ಶತದಿನೋತ್ಸವ ನಡೆಯುತ್ತದೆ. ಮಾಲೆ ತೆಗೆದ ಸಂಜೆ ಕಳೆದುಹೋಗುವ ಜೊತೆ ಮತ್ತು ಮರ್ಯಾದೆ ಇಲ್ಲಿ ಮುಂದುವರಿಯುತ್ತವೆ. ಹಳ್ಳಿಯಲ್ಲಿ ಇದು ಸಾಧ್ಯ, ಏಕೆಂದರೆ ಸಮಿತಿಯವರು ಅದೇ ಊರಿನವರು. ಮೂರು ತಿಂಗಳಿಗೊಮ್ಮೆ ಗುತ್ತಿಗೆದಾರ ಬದಲಾಗುವ, ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಬೊಮ್ಮಸಂದ್ರದಲ್ಲಿ ಅಂಥ ಸಮಿತಿಯನ್ನು ಯಾರ ಸುತ್ತ ಕಟ್ಟುವುದು? ಹೊರವಲಯದ ನಿಜವಾದ ಕಷ್ಟ ಇದು.

ಮನೆಯವರು ಕೇಳುವುದನ್ನು ಕಲಿತರೆ ಆಗುವ ಲಾಭವನ್ನು ನಿಮ್ಹಾನ್ಸ್‌ನಲ್ಲೇ ಅಳೆದು ನೋಡಿದ್ದಾರೆ. ಪ್ರಶಾಂತಿ ನಟ್ಟಾಲ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಾಗಿದ್ದ 90 ರೋಗಿಗಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದರಲ್ಲಿ ಮತ್ತೆ ಕುಡಿತಕ್ಕೆ ಜಾರದಿರುವ ತರಬೇತಿ ರೋಗಿಗೆ ಮಾತ್ರ. ಮೂರನೆಯದರಲ್ಲಿ ಅದೇ ತರಬೇತಿ ರೋಗಿ ಮತ್ತು ಮನೆಯ ಒಬ್ಬರಿಗೆ ಜೊತೆಯಾಗಿ. ಆರು ತಿಂಗಳು ಹಿಂಬಾಲಿಸಿ ನೋಡಿದಾಗ ಮನೆಯವರೂ ಕೂತು ಕಲಿತ ಗುಂಪು ಎಂದಿನ ಚಿಕಿತ್ಸೆಯ ಗುಂಪಿಗಿಂತ ಎಲ್ಲ ಅಳತೆಗಳಲ್ಲೂ ಮುಂದಿತ್ತು: ಕುಡಿದ ಪ್ರಮಾಣ, ಕುಡಿದ ದಿನಗಳು, ಮನೆ ಮತ್ತು ಕೆಲಸ ಕೆಟ್ಟ ದಿನಗಳು. ಹೊಸ ಔಷಧಿ ಏನೂ ಇರಲಿಲ್ಲ. ಬದಲಾಗಿದ್ದು ಮಾತಾಡುವ ಮತ್ತು ಕೇಳುವ ರೀತಿ.

ಆದರೆ ಪೀಣ್ಯದಲ್ಲಿ ಆ ಮನೆಯವರು ಯಾರು? ಬಹಳ ಸಲ ಗಾರ್ಮೆಂಟ್ಸ್‌ಗೆ ಹೋಗುವ ಹೆಂಡತಿ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ, ದಿನವಿಡೀ ಮಿಷನ್ ಮುಂದೆ ಟಾರ್ಗೆಟ್ ಮುಟ್ಟಿಸಿ, ಸಂಜೆ ನೀರು ಹಿಡಿದು ಕೂತವಳಿಗೆ "ತಾಳ್ಮೆಯಿಂದ ಕೇಳಿಸಿಕೊಳ್ಳಿ" ಎನ್ನುವುದು ಸುಲಭದ ಮಾತು. ಆಸ್ಪತ್ರೆಗೆ ಜೊತೆಗೆ ಹೋದರೆ ಅವಳದೂ ಒಂದು ದಿನದ ಸಂಬಳ ಹೋಗುತ್ತದೆ. ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಬೇಕು: ಕೇಳಿಸಿಕೊಳ್ಳುವುದು ಎಂದರೆ ಹೊಡೆತ ಸಹಿಸಿಕೊಳ್ಳುವುದಲ್ಲ, ಅವನ ಸಾಲಕ್ಕೆ ಸಹಿ ಹಾಕುವುದಲ್ಲ, ಕಂಪನಿಗೆ ಫೋನು ಮಾಡಿ "ಅವರಿಗೆ ಜ್ವರ" ಎಂದು ಅವನ ಪರವಾಗಿ ಸುಳ್ಳು ಹೇಳುವುದೂ ಅಲ್ಲ. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ 1951ರಲ್ಲಿ ಕುಟುಂಬದವರಿಗೆಂದೇ ಅಲ್-ಅನಾನ್ ಎಂಬ ಬೇರೆ ಬಳಗ ಕಟ್ಟಿದ್ದು ಇದೇ ಕಾರಣಕ್ಕೆ. ಕೇಳುವವರ ಮಾತನ್ನು ಕೇಳಲೂ ಒಬ್ಬರು ಬೇಕು.

ಐಟಿ ಪಟ್ಟಿಯ ಸ್ಥಿತಿ ಮೇಲ್ನೋಟಕ್ಕೆ ಉತ್ತಮ. ದೊಡ್ಡ ಕಂಪನಿಗಳಲ್ಲಿ ನೌಕರರ ಸಹಾಯ ಯೋಜನೆಗಳಿವೆ, ಫೋನಿನಲ್ಲಿ ಆಪ್ತಸಮಾಲೋಚಕರು ಸಿಗುತ್ತಾರೆ. ಮೊಬೈಲ್, ಗೇಮ್‌ಗಳ ಗೀಳಿಗೆ ಸಿಲುಕಿದವರಿಗೆಂದೇ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ತೆರೆದಿದೆ. ಆದರೂ ನೌಕರರ ಮನಸ್ಸಿನಲ್ಲಿ ಒಂದೇ ಅನುಮಾನ: ಇದು ಎಚ್‌ಆರ್‌ಗೆ ಗೊತ್ತಾಗುತ್ತದೆಯೇ, ಅಪ್ರೈಸಲ್‌ನಲ್ಲಿ ಕಾಣಿಸುತ್ತದೆಯೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ, ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿ ಇಡುವ ಹಕ್ಕನ್ನೂ ಕೊಟ್ಟಿದೆ. ಗಾಂಜಾ, ಎಂಡಿಎಂಎ ಬಳಸುವವರಿಗೆ ಪೊಲೀಸರ ಭಯ ಬೇರೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ತಾವಾಗಿ ಚಿಕಿತ್ಸೆಗೆ ಬರುವ ವ್ಯಸನಿಗಳಿಗೆ ರಕ್ಷಣೆ ಕೊಡುತ್ತದೆ. ಇವೆರಡನ್ನೂ ಹೊಸ ನೌಕರರ ಮೊದಲ ದಿನದ ತರಬೇತಿಯಲ್ಲಿ ಹೇಳಬಹುದು. ಅಲ್ಲಿ ಬೆಂಕಿ ಆರಿಸುವುದನ್ನು ಹೇಳಿಕೊಡುತ್ತಾರೆ, ಪಾಸ್‌ವರ್ಡ್ ಕಾಪಾಡುವುದನ್ನು ಹೇಳಿಕೊಡುತ್ತಾರೆ. ಈ ಎರಡು ರಕ್ಷಣೆಗಳಿಗೆ ಐದು ನಿಮಿಷ ಸಾಕು. ಅದೇ ಕಂಪನಿಯ ಟೀಮ್ ಔಟಿಂಗಿನಲ್ಲಿ ಬಿಯರ್ ಬೇಡ ಎಂದವನನ್ನು ಮೂರು ಸಲ ಒತ್ತಾಯಿಸುವ ರೂಢಿ ಹೋದರೆ ಇನ್ನೂ ಒಳ್ಳೆಯದು.

ರಾಜ್ಯ ಸರ್ಕಾರದ ಬಗ್ಗೆ ಒಂದು ಮಾತು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಅದೇ ಸರ್ಕಾರಕ್ಕೆ ಮದ್ಯಪಾನ ಸಂಯಮ ಮಂಡಳಿ ಎಂಬುದೂ ಇದೆ. ಎರಡರ ಬೊಕ್ಕಸಗಳನ್ನು ಹೋಲಿಸುವ ಕೆಲಸವನ್ನು ಓದುಗರಿಗೇ ಬಿಡುವುದು ಲೇಸು.

ಕೊನೆಗೆ ಜಾರುವಿಕೆಯ ವಿಷಯ. ವ್ಯಸನವನ್ನು ರಕ್ತದೊತ್ತಡ, ಆಸ್ತಮಾ, ಸಕ್ಕರೆ ಕಾಯಿಲೆಗಳ ಜೊತೆ ಹೋಲಿಸಿ 2000ದಲ್ಲಿ ಥಾಮಸ್ ಮೆಕ್‌ಲೆಲನ್ ಮತ್ತು ಸಂಗಡಿಗರು ಬರೆದ ಲೇಖನ ವೈದ್ಯಲೋಕದಲ್ಲಿ ಹೆಸರಾದದ್ದು. ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಮಂದಿ ವರ್ಷದೊಳಗೆ ಮತ್ತೆ ಬಳಕೆಗೆ ಮರಳುತ್ತಾರೆ. ಉಳಿದ ದೀರ್ಘ ಕಾಯಿಲೆಗಳಲ್ಲಿ ಮಾತ್ರೆ ಬಿಟ್ಟು ಕಾಯಿಲೆ ಮರುಕಳಿಸುವವರ ಪ್ರಮಾಣವೂ ಇದಕ್ಕೆ ದೂರವಿಲ್ಲ. ಸಕ್ಕರೆ ಏರಿದವರು ವೈದ್ಯರ ಬಳಿ ಹೋಗಿ "ಮದುವೆ ಮನೇಲಿ ಹೋಳಿಗೆ ತಿಂದುಬಿಟ್ಟೆ" ಎನ್ನುತ್ತಾರೆ, ವೈದ್ಯರು ಮಾತ್ರೆ ಸರಿಮಾಡುತ್ತಾರೆ. ಜಾರಿದ ಕುಡುಕ ಮಾತ್ರ ಮುಖ ತಪ್ಪಿಸಿಕೊಂಡು ಓಡಾಡುತ್ತಾನೆ. ಮೊದಲ ಜಾರುವಿಕೆಗೂ ಮೊದಲಿನಂತೆಯೇ ಪೂರ್ತಿ ಮುಳುಗುವುದಕ್ಕೂ ನಡುವೆ ಕೆಲವು ದಿನಗಳಿರುತ್ತವೆ. ಅಷ್ಟರಲ್ಲಿ ಅವನು ಒಬ್ಬರಿಗೆ ಹೇಳಿಕೊಂಡರೆ ಮತ್ತೆ ಮೇಲೇಳುವುದು ಸುಲಭ. ನಿಮ್ಹಾನ್ಸ್ ಜೊತೆ ಸೇರಿ ಕುಡಿತದ ತೊಂದರೆ ಇರುವ ನೌಕರರಿಗೆ ಚಿಕಿತ್ಸೆ ಕೊಡಿಸುವ ಕೆಲಸವನ್ನು ರಾಜ್ಯದ ಸಾರಿಗೆ ನಿಗಮ ಮಾಡಿದೆ. ಬಸ್ಸು ಓಡಿಸುವವರ ವಿಷಯದಲ್ಲಿ ಆಗುವುದಾದರೆ ಲೇತ್ ಓಡಿಸುವವರ ವಿಷಯದಲ್ಲಿ ಆಗದಿರಲು ಕಾರಣ ಕಾಣುವುದಿಲ್ಲ.

ಆದ್ದರಿಂದ ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡಿನ ಕೈಗಾರಿಕಾ ಸಂಘಗಳಿಗೂ ಕಂಪನಿಗಳಿಗೂ ಕಾರ್ಮಿಕ ಸಂಘಟನೆಗಳಿಗೂ ಒಂದು ವಿನಂತಿ. ತಾವಾಗಿ ಬಂದು ಹೇಳಿಕೊಂಡವರ ಮೇಲೆ ಮೊದಲ ಸಲ ಶಿಸ್ತುಕ್ರಮವಿಲ್ಲ, ಚಿಕಿತ್ಸೆಗೆ ಹೋದ ದಿನಗಳಿಗೆ ರಜೆ ಉಂಟು, ಜೊತೆಗೆ ಹೋಗುವ ಮನೆಯವರಿಗೂ ಉಂಟು ಎಂದು ಬರವಣಿಗೆಯಲ್ಲಿ ಕೊಟ್ಟು ನೋಟಿಸ್ ಬೋರ್ಡಿಗೆ ಹಾಕಿ, ಕನ್ನಡದಲ್ಲಿ ಮತ್ತು ಅಲ್ಲಿ ದುಡಿಯುವವರ ಉಳಿದ ಭಾಷೆಗಳಲ್ಲಿ. ಕ್ಯಾಂಟೀನಿನ ಪಕ್ಕ ಒಂದು ಕೋಣೆ ಕೊಟ್ಟು, ವಾರಕ್ಕೊಂದು ಸಂಜೆ ಕುಡಿತ ಬಿಟ್ಟವರ ಗುಂಪು ಸೇರಲು ಬಿಡಿ. ಆ ಕೋಣೆಗೆ ಎಚ್‌ಆರ್‌ನವರು ಹೋಗದಿರಲಿ. ಅಷ್ಟರವರೆಗೆ, ಇವತ್ತೇ ಮಾತಾಡಬೇಕೆನ್ನುವವರಿಗೆ ಎರಡು ನಂಬರುಗಳಿವೆ. ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. 2022ರ ಅಕ್ಟೋಬರಿನಲ್ಲಿ ಆರಂಭವಾದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ 14416. ದಿನದ 24 ಗಂಟೆಯೂ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು.